ಹೆರಾಲ್ಡಿನ ತಮ್ಮ, ಅಂಬಾಸಿಡರಿನ ದಾಯಾದಿ

ಬೇಸಿಗೆ ರಜೆಗೆ ದೇವನೂರಿಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ಜಗುಲಿಯಲ್ಲಿ ನನ್ನ ಪಕ್ಕ ಕೂತು ಮೊಬೈಲು ಚಾಚಿದಳು. ಅದರಲ್ಲಿ ಎರಡು ಕಾರಿನ ಚಿತ್ರ. ಒಂದು ಕೆಂಪು, ಇನ್ನೊಂದು ಬಿಳಿ. ಎರಡಕ್ಕೂ ಮೇಲೆ ಮಾಡಿಲ್ಲ, ಎರಡರಲ್ಲೂ ಇಬ್ಬರಿಗಷ್ಟೇ ಜಾಗ.

"ತಾತ, ನಿನ್ನ ಹತ್ರ ಬೇಕಾದಷ್ಟು ದುಡ್ಡಿದೆ ಅಂತಿಟ್ಕೋ. ಇವೆರಡರಲ್ಲಿ ಯಾವುದು ತಗೋತೀಯ?"

ಕನ್ನಡಕ ಹಾಕಿಕೊಂಡು ನೋಡಿದೆ. ಕೆಂಪಗಿದ್ದದ್ದು ಎಂಜಿ ಕಂಪನಿಯ ಎಂಜಿಬಿ, ಬಿಳಿಯದು ಟ್ರಯಂಫ್ ಸ್ಪಿಟ್‌ಫೈರ್. ಎರಡೂ ಇಂಗ್ಲೆಂಡಿನವು. ಹಳೆಯ ಕಾರು ಕೂಡಿಡುವ ಹವ್ಯಾಸದವರು ಇವತ್ತಿಗೂ ಯಾವುದು ಮೇಲು ಎಂದು ವಾದ ಮಾಡುವ ಜೋಡಿ.

"ಇವರ ಮನೆಯವರೆಲ್ಲ ನನಗೆ ಗೊತ್ತು ಕಣೇ. ಇವನ ಅಣ್ಣ ನಮ್ಮ ಕೊಟ್ಟಿಗೆಯಲ್ಲೇ ನಿಂತಿದ್ದಾನೆ" ಎಂದೆ, ಬಿಳಿಯದರ ಮೇಲೆ ಬೆರಳಿಟ್ಟು.

ಅವಳು ನಂಬಲಿಲ್ಲ. ಕೊಟ್ಟಿಗೆಯಲ್ಲಿ ಇರುವುದು ತೆಂಗಿನ ಗರಿ, ಹಳೇ ಗೋಣಿಚೀಲಗಳ ಕೆಳಗೆ ಹುದುಗಿರುವ ನನ್ನ 1968ರ ಸ್ಟ್ಯಾಂಡರ್ಡ್ ಹೆರಾಲ್ಡ್. ಅದು ಓಡಿ 20 ವರ್ಷದ ಮೇಲಾಯಿತು. ಮಗ ಆ ಜಾಗದಲ್ಲಿ ಟಿಲ್ಲರ್ ನಿಲ್ಲಿಸಬೇಕು ಅನ್ನುತ್ತಾನೆ. "ಅಪ್ಪ, ಗುರುವಾರ ಗುಜರಿಯವನು ಬರ್ತಾನೆ, ಕೊಟ್ಟುಬಿಡೋಣ" ಎಂದು ಆ ವಾರವೇ ಫೋನಿನಲ್ಲಿ ಹೇಳಿದ್ದ. ನಾನೂ ಹೂಂ ಅಂದಿದ್ದೆ.

ಮಕ್ಕಳೇ, ಹೆರಾಲ್ಡ್ ಅಂದರೆ ಏನೆಂದು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. 1961ರಿಂದ ಮದರಾಸಿನ ಹತ್ತಿರದ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಎಂಬ ಕಂಪನಿ ಇದನ್ನು ತಯಾರಿಸುತ್ತಿತ್ತು. ಆಗ ನಮ್ಮ ರಸ್ತೆಗಳಲ್ಲಿ ಕಾಣುತ್ತಿದ್ದ ಕಾರು ಮುಖ್ಯವಾಗಿ ಮೂರೇ: ಅಂಬಾಸಿಡರ್, ಫಿಯೆಟ್, ಹೆರಾಲ್ಡ್. ಮೂರೂ ಯೂರೋಪಿನಲ್ಲಿ ಹುಟ್ಟಿ ಇಲ್ಲಿ ಬೆಳೆದವು. ಹೆರಾಲ್ಡಿನ ಮೈಮಾಟ ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಸ್ಪಿಟ್‌ಫೈರ್‌ನ ಮೈಮಾಟವೂ ಅವನದೇ. ಬರೀ ಗೆರೆ ಮಾತ್ರವಲ್ಲ, ಸ್ಪಿಟ್‌ಫೈರ್‌ನ ಅಡಿಯಲ್ಲಿರುವ ಚಾಸಿಯೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿದ್ದು. ಹೆರಾಲ್ಡಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ತೊಂಬತ್ತೊಂದೂವರೆ ಇಂಚು, ಸ್ಪಿಟ್‌ಫೈರ್‌ನಲ್ಲಿ 83 ಇಂಚು. ಅಣ್ಣನ ಅಂಗಿಯನ್ನು ಕತ್ತರಿಸಿ ತಮ್ಮನಿಗೆ ಹೊಲಿಸಿದ ಹಾಗೆ!

ಕೆಂಪು ಎಂಜಿಬಿಗೆ ನಮ್ಮ ಅಂಬಾಸಿಡರ್ ದಾಯಾದಿ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಎಂಬಾತ ನಡೆಸುತ್ತಿದ್ದ ಕಾರಿನ ಅಂಗಡಿ ಅದು. ಆ ಮಾರಿಸ್ ಕಂಪನಿಯದೇ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರು ಕಲ್ಕತ್ತೆಯ ಹತ್ತಿರದ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆಯಿತು. ನಾವೆಲ್ಲ ವರ್ಷಾನುಗಟ್ಟಲೆ ಓಡಿಸಿದ ಪೆಟ್ರೋಲ್ ಅಂಬಾಸಿಡರಿನಲ್ಲಿದ್ದದ್ದು 1489 ಸಿ.ಸಿ.ಯ ಎಂಜಿನ್. ಎಂಜಿಬಿಯಲ್ಲಿರುವುದು ಅದೇ ವಂಶದ 1798 ಸಿ.ಸಿ. ಎಂಜಿನ್. ಮದುವೆ ದಿಬ್ಬಣದಲ್ಲಿ ಒಂಬತ್ತು ಜನ, ಎರಡು ಟ್ರಂಕು ಹೊತ್ತು ತರೀಕೆರೆಗೆ ಹೋಗುತ್ತಿದ್ದ ಅಂಬಾಸಿಡರಿನ ಒಳಗೆ ರೇಸಿನ ಕಾರಿನ ರಕ್ತವೇ ಹರಿಯುತ್ತಿತ್ತು ಎಂದರೆ ಯಾರು ನಂಬುತ್ತಾರೆ?

ಸಿ.ಸಿ. ಅಂದರೇನು ಎಂದು ಮೊಮ್ಮಗಳು ಕೇಳಿದಳು. ಅಡುಗೆಮನೆಯಿಂದ ಎರಡು ಲೋಟ ತರಿಸಿದೆ. ಎಂಜಿನ್ನಿನೊಳಗೆ ಸಿಲಿಂಡರ್ ಎಂಬ ಲೋಟ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಎಂಬ ಮುಚ್ಚಳ. ಲೋಟದಲ್ಲಿ ಹಿಡಿಯುವ ಜಾಗದ ಅಳತೆಯೇ ಸಿ.ಸಿ. ಜಾಗ ಹೆಚ್ಚಿಸಲು ಲೋಟವನ್ನು ಎತ್ತರ ಮಾಡಬಹುದು, ಇಲ್ಲವೇ ಅಗಲ ಮಾಡಬಹುದು. ಎಂಜಿಯವರು ಅಗಲ ಮಾಡಿದರು. ಅಂಬಾಸಿಡರಿನ ಪಿಸ್ಟನ್ ಓಡಾಡುವ ದೂರ 88.9 ಮಿಲಿಮೀಟರ್, ಎಂಜಿಬಿಯಲ್ಲೂ ಅಷ್ಟೇ 88.9. ಸಿಲಿಂಡರಿನ ಅಗಲ ಮಾತ್ರ 73ರಿಂದ 80ಕ್ಕೆ ಏರಿತು. ಸ್ವಾರಸ್ಯ ನೋಡಿ, ಟ್ರಯಂಫ್‌ನವರು ಮಾಡಿದ್ದೂ ಇದನ್ನೇ. ನನ್ನ 948 ಸಿ.ಸಿ. ಹೆರಾಲ್ಡಿನಲ್ಲಿ ಪಿಸ್ಟನ್ ಓಡಾಟ 76 ಮಿಲಿಮೀಟರ್, 1147 ಸಿ.ಸಿ.ಯ ಮೊದಲ ಸ್ಪಿಟ್‌ಫೈರ್‌ನಲ್ಲೂ 76. ಅಗಲ 63ರಿಂದ 69ಕ್ಕೆ ಹೋಯಿತು. ಬೇರೆ ಬೇರೆ ಊರಿನ ಇಬ್ಬರು ಅಡುಗೆಯವರು ಒಂದೇ ಉಪಾಯಕ್ಕೆ ಬಂದಂತೆ.

ಸ್ಪಿಟ್‌ಫೈರ್ ಹುಟ್ಟಿದ ಕಥೆ ನನಗೆ ತುಂಬ ಇಷ್ಟ. ಮಿಕೆಲೊಟ್ಟಿ ಮಾದರಿ ಕಾರನ್ನು ಮಾಡಿಕೊಟ್ಟಾಗ ಕವೆಂಟ್ರಿಯ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಯ ಕೈ ಬರಿದಾಗಿತ್ತು. ಕಾರಿಗೆ ಮುಸುಕು ಹೊದಿಸಿ ಕಾರ್ಖಾನೆಯ ಮೂಲೆಗೆ ತಳ್ಳಿದರು. 1961ರಲ್ಲಿ ಲಾರಿ ತಯಾರಿಸುವ ಲೇಲ್ಯಾಂಡ್ ಕಂಪನಿ ಇದನ್ನು ಕೊಂಡಿತು. ಹೊಸ ಯಜಮಾನರ ಕಡೆಯವರು ಕಾರ್ಖಾನೆ ಸುತ್ತಿ ನೋಡುವಾಗ ಮೂಲೆಯ ಮುಸುಕು ಕಣ್ಣಿಗೆ ಬಿತ್ತು. ಎತ್ತಿ ನೋಡಿದರು, ಮೆಚ್ಚಿದರು, ಮಾಡಿ ಅಂದರು. ಎರಡನೆಯ ಮಹಾಯುದ್ಧದ ವಿಮಾನದ ಹೆಸರನ್ನೇ ಕಾರಿಗಿಟ್ಟರು. 1962ರ ಶರತ್ಕಾಲದಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಅದು ಕಾಣಿಸಿಕೊಂಡಿತು. ಅದೇ ಪ್ರದರ್ಶನದಲ್ಲಿ ಹೊಸದಾಗಿ ನಿಂತಿದ್ದ ಇನ್ನೊಂದು ಕಾರು ಎಂಜಿಬಿ! ಒಂದೇ ವರ್ಷ ಹುಟ್ಟಿದ ಇವೆರಡೂ 1980ರಲ್ಲಿ ಒಂದೇ ವರ್ಷ ನಿಂತವು. ಅಷ್ಟರಲ್ಲಿ ಎಂಜಿಬಿ 5 ಲಕ್ಷಕ್ಕೂ ಹೆಚ್ಚು, ಸ್ಪಿಟ್‌ಫೈರ್ 3 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಹೆಚ್ಚಿನವು ಹೋದದ್ದು ಅಮೆರಿಕಕ್ಕೆ.

ಇನ್ನು ಯಾವುದು ಮೇಲು ಎಂಬ ಮಾತಿಗೆ ಬರೋಣ.

ಓಟದಲ್ಲಿ ಎಂಜಿಬಿಯೇ ಮುಂದು, ಅನುಮಾನವಿಲ್ಲ. ಅದಕ್ಕೆ 95 ಅಶ್ವಶಕ್ತಿ, ಮೊದಲ ಸ್ಪಿಟ್‌ಫೈರ್‌ಗೆ 63. ನಮ್ಮೂರಿನ ಲಕ್ಷ್ಮೀಶ ಕವಿ ಒಂದೇ ಒಂದು ಅಶ್ವಮೇಧದ ಕುದುರೆಯ ಹಿಂದೆ ಇಡೀ ಜೈಮಿನಿ ಭಾರತವನ್ನು ಓಡಿಸಿದ. ಇಲ್ಲಿ 95 ಕುದುರೆ! ಎಂಜಿಬಿ ಗಂಟೆಗೆ 160 ಕಿಲೋಮೀಟರ್ ದಾಟುತ್ತಿತ್ತು, ಸ್ಪಿಟ್‌ಫೈರ್ 150ರ ಹತ್ತಿರ ಏದುಸಿರು ಬಿಡುತ್ತಿತ್ತು. ಆದರೆ ಸ್ಪಿಟ್‌ಫೈರ್ ಹಗುರ. ಅದರ ತೂಕ 700 ಕೆ.ಜಿ. ಆಸುಪಾಸು, ಎಂಜಿಬಿ 900 ದಾಟುತ್ತದೆ. ಜೊತೆಗೆ ಹೆರಾಲ್ಡಿನಂತೆ ಬಹಳ ಕಿರಿದಾದ ಜಾಗದಲ್ಲಿ ತಿರುಗುತ್ತದೆ. ನಮ್ಮ ದೇವಸ್ಥಾನದ ಬೀದಿಯಲ್ಲಿ ಅಂಬಾಸಿಡರಿನವರು ಹಿಂದೆ ಮುಂದೆ ಮಾಡುತ್ತಾ ಬೆವರುತ್ತಿದ್ದಾಗ ನಾನು ಹೆರಾಲ್ಡನ್ನು ಒಂದೇ ಸಲಕ್ಕೆ ತಿರುಗಿಸಿಕೊಂಡು ಹೋಗುತ್ತಿದ್ದೆ. ಆ ಗತ್ತು ಈಗಲೂ ನೆನಪಿದೆ.

ತಿರುವಿನಲ್ಲಿ ವೇಗ ಹೆಚ್ಚಾದರೆ ಮಾತು ಬೇರೆ. ಎಂಜಿಬಿಯ ಹಿಂದಿನ ಎರಡು ಚಕ್ರವನ್ನು ಸೇರಿಸುವುದು ಎತ್ತಿನ ಗಾಡಿಯ ಅಚ್ಚಿನಂತೆ ಒಂದೇ ನೇರ ಅಚ್ಚು. ನಾಜೂಕಿಲ್ಲ, ಆದರೆ ನಂಬಬಹುದು. ಸ್ಪಿಟ್‌ಫೈರ್‌ಗೂ ಹೆರಾಲ್ಡಿಗೂ ಹಿಂದಿನ ಚಕ್ರಗಳು ಹಕ್ಕಿಯ ಎರಡು ರೆಕ್ಕೆಗಳಂತೆ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ವೇಗವಾಗಿ ತಿರುಗುತ್ತಿರುವಾಗ ಹೆದರಿ ಬ್ರೇಕ್ ಒತ್ತಿದರೆ ಕಾರಿನ ಹಿಂಭಾಗ ಮೇಲೆದ್ದು ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳಬಹುದು, ಕಾರು ಗಿರಕಿ ಹೊಡೆಯಬಹುದು. 1970ರ ಮಾರ್ಕ್ 4 ಸ್ಪಿಟ್‌ಫೈರ್‌ನಲ್ಲಿ ಪಟ್ಟಾ ಸ್ಪ್ರಿಂಗಿನ ಜೋಡಣೆ ಬದಲಿಸಿ ಇದನ್ನು ಬಹಳಮಟ್ಟಿಗೆ ಸರಿಪಡಿಸಿದರು. ಮದರಾಸಿನವರು ಹೆರಾಲ್ಡಿನ ಬದಲು ತಂದ ಗೆಜೆಲ್ ಕಾರಿಗೆ ನೇರ ಅಚ್ಚನ್ನೇ ಹಾಕಿದರು. ಹಾಗಾಗಿ ಓಡಿಸಲೆಂದೇ ಕೊಳ್ಳುವವರಿಗೆ ನನ್ನ ಮಾತು: ಸ್ಪಿಟ್‌ಫೈರ್ ಆದರೆ ಮಾರ್ಕ್ 4 ನೋಡಿ.

ಎಂಜಿಬಿಯಲ್ಲೂ ಹೀಗೆ ಒಳ್ಳೆ ಕಾಲ, ಕೆಟ್ಟ ಕಾಲ ಇದೆ. 1974ರ ಕೊನೆಯವರೆಗೆ ಬಂದವಕ್ಕೆ ಮಿರಮಿರ ಮಿನುಗುವ ಕ್ರೋಮ್ ಬಂಪರ್. ಆಮೇಲೆ ಅಮೆರಿಕದ ಕಾನೂನಿಗೆ ಹೊಂದಿಸಲು ದಪ್ಪನೆಯ ಕಪ್ಪು ಬಂಪರ್ ಹಾಕಿ, ಕಾರನ್ನೂ ನೆಲದಿಂದ ಮೇಲಕ್ಕೆತ್ತಿದರು. ಚೆಂದವೂ ಹೋಯಿತು, ತಿರುವಿನಲ್ಲಿ ಓಲಾಟವೂ ಹೆಚ್ಚಿತು. ಸಂಗ್ರಹಕಾರರು ಕ್ರೋಮ್ ಬಂಪರಿನದಕ್ಕೇ ಹೆಚ್ಚು ದುಡ್ಡು ಕೊಡುತ್ತಾರೆ. ಕಪ್ಪು ಬಂಪರಿನದು ಪಾಪ, ಮನೆಯಲ್ಲಿ ಯಾರೂ ಎತ್ತಿಕೊಳ್ಳದ ಮಗುವಿನಂತೆ ಅಗ್ಗಕ್ಕೆ ಸಿಗುತ್ತದೆ.

ಹಳೆಯ ಕಾರಿನ ದೊಡ್ಡ ಶತ್ರು ತುಕ್ಕು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪಟ್ಟಿ ಇದೆಯಲ್ಲ, ಮೇಲೆ ಮಾಡಿಲ್ಲದ ಕಾರಿನಲ್ಲಿ ಅದೇ ಇಡೀ ಭಾರ ಹೊರುವುದು. ಒಳಗೆ ನೀರು ನಿಂತು ಅದು ತುಕ್ಕು ಹಿಡಿದರೆ ಹೊರಗಿನ ಬಣ್ಣ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಪರೀಕ್ಷೆ ಸುಲಭ. ಜಾಕ್ ಹಾಕಿ ಒಂದು ಪಕ್ಕವನ್ನು ಎತ್ತಿ ಬಾಗಿಲು ತೆಗೆದು ಹಾಕಿ ನೋಡಬೇಕು. ಬಾಗಿಲು ಸಿಕ್ಕಿಕೊಂಡರೆ ಸೊಂಟ ಮುರಿದಿದೆ ಎಂದರ್ಥ. ಸ್ಪಿಟ್‌ಫೈರ್‌ಗೆ ಚಾಸಿ ಇದ್ದರೂ ಬಾಗಿಲ ಕೆಳಗಿನ ಪಟ್ಟಿಯೇ ಅದಕ್ಕೂ ಆಸರೆ. ಇನ್ನೊಂದು ಪರೀಕ್ಷೆ ನೀವು ಮಕ್ಕಳೇ ಮಾಡಬಹುದು: ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಕಾರಿನ ಮೈಮೇಲೆ ಆಡಿಸಿ. ತಗಡಿರುವ ಕಡೆ ಹಿಡಿಯುತ್ತದೆ. ತುಕ್ಕಿನ ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೆ ಅಲ್ಲಿ ಜಾರುತ್ತದೆ.

ಬಿಡಿಭಾಗದ ವಿಷಯದಲ್ಲಿ ಎಂಜಿಬಿಯಷ್ಟು ಪುಣ್ಯವಂತ ಕಾರು ಕಡಿಮೆ. 1988ರಿಂದ ಇಂಗ್ಲೆಂಡಿನಲ್ಲಿ ಅದರ ಇಡೀ ಮೈಯನ್ನೇ ಹಳೆಯ ಅಚ್ಚುಗಳಿಂದ ಹೊಸದಾಗಿ ಒತ್ತಿ ಮಾರತೊಡಗಿದರು. ಅದನ್ನು ಕೇಳಿ ಮೊಮ್ಮಗಳು ಸರಿಯಾದ ಪ್ರಶ್ನೆ ಹಾಕಿದಳು: "ಮೈಯೆಲ್ಲ ಹೊಸದು, ಎಂಜಿನ್ನೂ ಹೊಸದು ಹಾಕಿದ್ರೆ ಅದು ಹಳೇ ಕಾರು ಹೇಗಾಗುತ್ತೆ ತಾತ?"

ಊರಿನ ತೇರನ್ನೇ ತೆಗೆದುಕೊಳ್ಳಿ. ಒಂದು ವರ್ಷ ಗಾಲಿ, ಇನ್ನೊಂದು ವರ್ಷ ಅಚ್ಚು, ಮತ್ತೊಂದು ವರ್ಷ ತೊಲೆ ಎಂದು ಬದಲಾಗುತ್ತಲೇ ಇರುತ್ತದೆ. ಆದರೂ ನಮಗದು ಅದೇ ತೇರು. ಕಾರು ಕೂಡಿಸುವವರು ಮಾತ್ರ ಇಷ್ಟು ಉದಾರಿಗಳಲ್ಲ. ಅವರಿಗೆ ಬೇಕಾದ್ದು ನಂಬರು. ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಈಗಲೂ ಇದೆಯೇ? ಚಾಸಿಯ ನಂಬರು, ಎಂಜಿನ್ ನಂಬರು ಕಾಗದದೊಂದಿಗೆ ತಾಳೆಯಾಗುತ್ತದೆಯೇ? ಇಂಗ್ಲೆಂಡಿನ ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಎಂಜಿ, ಟ್ರಯಂಫ್ ಎರಡರ ಕಾರ್ಖಾನೆ ದಾಖಲೆಗಳೂ ಇವೆ. ಶುಲ್ಕ ಕೊಟ್ಟರೆ ನಿಮ್ಮ ಕಾರು ಯಾವತ್ತು ತಯಾರಾಯಿತು, ಯಾವ ಬಣ್ಣದ್ದಾಗಿತ್ತು, ಯಾವ ನಂಬರಿನ ಎಂಜಿನ್ ಎಂದು ಪ್ರಮಾಣಪತ್ರ ಕೊಡುತ್ತಾರೆ. ಒಂದು ಥರ ಕಾರಿನ ಜಾತಕ. ಸಾವಿರ ಸಲ ಪಾಲಿಶ್ ಮಾಡಿದ ಕಾರಿಗಿಂತ ಜಾತಕ ಕೂಡಿಬಂದ ಮಾಸಲು ಕಾರು ಮೇಲು ಎಂಬುದು ಬಲ್ಲವರ ಮಾತು.

ನಮ್ಮ ದೇಶದಲ್ಲೂ ಈಗ ಇದಕ್ಕೆ ಬೆಲೆ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಕಾರು, ಬೈಕು, ಸ್ಕೂಟರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ನಂತರ ನವೀಕರಣಕ್ಕೆ 5,000. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನಾ ಪೇಟೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಎಲ್ಲಕ್ಕಿಂತ ಮುಖ್ಯವಾದ ಷರತ್ತು: ಚಾಸಿ, ಮೈ, ಎಂಜಿನ್ ಮಾರ್ಪಾಡಾಗದೆ ಮೂಲ ರೂಪದಲ್ಲೇ ಇರಬೇಕು.

ಇದನ್ನು ಮೊಮ್ಮಗಳಿಗೆ ಓದಿ ಹೇಳುತ್ತಿದ್ದಾಗಲೇ ನನ್ನ ಎದೆಯಲ್ಲೊಂದು ಮುಳ್ಳು ಆಡಿತು.

ಯಾಕೆಂದರೆ ತೊಂಬತ್ತರ ದಶಕದಲ್ಲಿ ಎಂಜಿನ್ ಬಿಚ್ಚಿ ಕಟ್ಟಲೆಂದು ಹೆರಾಲ್ಡನ್ನು ಒಂದು ಗ್ಯಾರೇಜಿನಲ್ಲಿ ಬಿಟ್ಟಿದ್ದೆ. ನಾಲ್ಕು ತಿಂಗಳಾದ ಮೇಲೆ ಬಂತು. ಸದ್ದು ಬೇರೆ ಥರ ಇತ್ತು. ಎಂಜಿನ್ನನ್ನೇ ಬದಲಿಸಿದ್ದಾರೆ ಎಂದು ಗೆಳೆಯರು ಹೇಳಿದರು. ನಾನು ನಂಬರು ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ ಎಂಬ ಭಯ. ಅದಕ್ಕೂ ಮುಂಚೆ ಇನ್ನೊಂದು ಕಡೆ ಬೇರೆ ಪಾಡು ಪಟ್ಟಿದ್ದೆ. ಹೆರಾಲ್ಡಿಗೂ ಸ್ಪಿಟ್‌ಫೈರ್‌ಗೂ ಮುಂದಿನ ಚಕ್ರದ ಬುಡದಲ್ಲಿ ಟ್ರನಿಯನ್ ಎಂಬ ಕಂಚಿನ ತುಂಡು ಇರುತ್ತದೆ. ಚಕ್ರ ಹೊತ್ತ ಉಕ್ಕಿನ ಕಂಬದ ತುದಿ ತಿರುಪಿನಂತೆ ಅದರೊಳಗೆ ಕೂತಿರುತ್ತದೆ. ಅದಕ್ಕೆ ದಪ್ಪ ಗೇರ್ ಎಣ್ಣೆಯನ್ನೇ ಬಿಡಬೇಕು, ಗ್ರೀಸ್ ತುಂಬಬಾರದು. ಆ ಗ್ಯಾರೇಜಿನವರು ವರ್ಷಗಟ್ಟಲೆ ಗ್ರೀಸ್ ತುಂಬಿದ್ದರು. ಒಂದು ಸಂಜೆ ಕಡೂರಿನಿಂದ ಬಂದು ಊರೊಳಗೆ ತಿರುಗಿಸುವಾಗ ಎಡಗಡೆ ಚಕ್ರ ಕಾಲು ಮುರಿದ ಎತ್ತಿನಂತೆ ಮಡಚಿಕೊಂಡಿತು. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಮಗ. ನಡಿಗೆಯ ವೇಗದಲ್ಲಿದ್ದೆವು, ಏನೂ ಆಗಲಿಲ್ಲ. ಇವತ್ತು ಗುಜರಿಗೆ ಹಾಕೋಣ ಅನ್ನುವವನು ಆ ಮಗನೇ!

"ಈಗ ಹೇಳು ತಾತ, ಯಾವುದು ತಗೋತೀಯ?" ಅವಳು ಬಿಡುವವಳಲ್ಲ.

ದೂರ ಹೋಗಲು, ಮಳೆಬಿಸಿಲಿಗೆ, ಬಿಡಿಭಾಗಕ್ಕೆ, ಗಟ್ಟಿತನಕ್ಕೆ ಎಂಜಿಬಿ. ಮೊದಲ ಸಲ ಕೊಳ್ಳುವ ಯಾರಿಗಾದರೂ ನಾನು ಅದನ್ನೇ ಹೇಳುತ್ತೇನೆ. ಅಂಬಾಸಿಡರ್ ಬಿಚ್ಚಿ ಕಟ್ಟಿದ ಯಾವ ಹಳೆಯ ಮೇಸ್ತ್ರಿಗೂ ಅದರ ಎಂಜಿನ್ ಕಂಡರೆ ನೆಂಟರ ಮನೆಗೆ ಬಂದ ಹಾಗಾಗುತ್ತದೆ. ಆದರೆ ನನಗೆ ಸ್ಪಿಟ್‌ಫೈರ್. ಅದಕ್ಕೆ ಒಂದೇ ಕಾರಣ, ಬಾನೆಟ್ಟು. ಎಂಜಿಬಿಯಲ್ಲಿ ಎಲ್ಲ ಕಾರಿನಂತೆ ಒಂದು ಮುಚ್ಚಳ ಎತ್ತಿ ಬಗ್ಗಿ ಇಣುಕಬೇಕು. ಸ್ಪಿಟ್‌ಫೈರ್‌ನಲ್ಲಿ, ಹೆರಾಲ್ಡಿನಲ್ಲಿ ಇದ್ದ ಹಾಗೆಯೇ, ಮೂತಿ, ದೀಪ, ಮಡ್‌ಗಾರ್ಡು ಎಲ್ಲ ಸೇರಿ ಮುಂಭಾಗವೇ ಮೊಸಳೆ ಬಾಯಿ ತೆರೆದಂತೆ ಮುಂದಕ್ಕೆ ಬಾಗುತ್ತದೆ. ಚಕ್ರದ ಮೇಲೆ ಕೂತು ಕೆಲಸ ಮಾಡಬಹುದು. ಪಕ್ಕದಲ್ಲೊಂದು ಮಗುವನ್ನು ಕೂರಿಸಿಕೊಂಡು ಇದು ಕಾರ್ಬ್ಯುರೇಟರ್, ಇದು ಡೈನಮೋ ಎಂದು ತೋರಿಸಬಹುದು. ಓಡದ ಸ್ಪಿಟ್‌ಫೈರ್ ಕೂಡ ಒಂದು ಪಾಠಶಾಲೆ.

ಅಂದ ಹಾಗೆ ಹಳೆಯ ಕಾರು ನೋಡಲು ಇಂಗ್ಲೆಂಡಿಗೇ ಹೋಗಬೇಕಿಲ್ಲ. ನಮ್ಮ ಕಡೆಯವರು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುತ್ತಲೇ ಇರುತ್ತಾರೆ. ಅಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವಿದೆ. ದರ್ಶನ ಮುಗಿಸಿ ಊಟದ ಸಾಲಿಗೆ ಓಡುವ ಅವಸರದಲ್ಲಿ ಅದನ್ನು ಬಿಟ್ಟು ಬರಬೇಡಿ. ಅಜ್ಜಂದಿರು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಫಲಕದಲ್ಲಿ ಬರೆಯದ ಕಥೆಗಳನ್ನು ಅವರು ಹೇಳುತ್ತಾರೆ.

ಮಂಗಳವಾರ ಬೆಳಿಗ್ಗೆ ಮೊಮ್ಮಗಳೂ ನಾನೂ ಕೊಟ್ಟಿಗೆಗೆ ಹೋದೆವು. ಗರಿ ಎಳೆದೆವು, ಚೀಲ ಕೊಡವಿದೆವು, ಒಂದು ಚೇಳು ಓಡಿತು. ಎರಡು ಕಡೆಯ ಕೊಂಡಿ ಬಿಚ್ಚಿ ಇಬ್ಬರೂ ಸೇರಿ ಎತ್ತಿದಾಗ ಬಾನೆಟ್ಟು ಕಿರುಗುಟ್ಟುತ್ತಾ ಮುಂದಕ್ಕೆ ಬಾಗಿತು. ಅವಳು ಬಾಯಿ ತೆರೆದು ನಿಂತಳು. "ತಾತ, ಫೋಟೋದಲ್ಲಿದ್ದ ಹಾಗೇ ಇದೆ!"

ಎಂಜಿನ್ನಿನ ಪಕ್ಕದಲ್ಲಿ ನಂಬರು ಒತ್ತಿದ ಜಾಗ ಎಣ್ಣೆ ಮಣ್ಣು ಸೇರಿ ಹೆಂಟೆಯಾಗಿತ್ತು. ಸೀಮೆಎಣ್ಣೆ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವಳೇ ಉಜ್ಜಿದಳು. ಆರ್‌ಟಿಓ ಕಚೇರಿಯಲ್ಲಿ ತೆಗೆಯುವ ಹಾಗೆ ಪೆನ್ಸಿಲ್ ಪ್ರಿಂಟ್ ತೆಗೆಯುವುದನ್ನು ಹೇಳಿಕೊಟ್ಟೆ: ತೆಳು ಕಾಗದವನ್ನು ಅಂಕಿಗಳ ಮೇಲೆ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜುವುದು. ನಾನು ಕಬ್ಬಿಣದ ಪೆಟ್ಟಿಗೆಯಿಂದ ಮೈಸೂರು ರಾಜ್ಯದ ಕಾಲದ, ಎಂವೈ ಎಂದು ಶುರುವಾಗುವ ನಂಬರಿನ ಆರ್‌ಸಿ ಪುಸ್ತಕ ತಂದು ಬೆಳಕಿಗೆ ಹಿಡಿದೆ. ಮಡಿಕೆಯಲ್ಲಿ ಹರಿದಿತ್ತು, ಶಾಯಿ ಕಂದಿತ್ತು. ಕೊನೆಯ ಅಂಕಿ 3 ಇರಬಹುದು, 8 ಇರಬಹುದು.

ಅವಳು ಒಂದೊಂದೇ ಅಂಕಿ ಓದಿದಳು. ನಾನು ಬೆರಳಿಟ್ಟುಕೊಂಡು ಹೋದೆ. ಒಂದೊಂದೂ ಕೂಡುತ್ತಾ ಬಂತು. ಕೊನೆಯದಕ್ಕೆ ಅವಳು ತಡೆದಳು, ಕಾಗದವನ್ನು ಕಣ್ಣ ಹತ್ತಿರ ತಂದಳು.

"ಎಂಟು."

ನನ್ನ ಕಣ್ಣಿಗೆ ಸಾಲದೆ ಪುಸ್ತಕವನ್ನು ಅವಳ ಕೈಗೇ ಕೊಟ್ಟೆ. ಬಾಗಿಲ ಹತ್ತಿರ ಬಿಸಿಲಿಗೆ ಹೋಗಿ ಓರೆಯಾಗಿ ಹಿಡಿದು ನೋಡಿದಳು. "ಇದೂ ಎಂಟೇ ತಾತ. ಮಧ್ಯದ ಗೆರೆ ಮಾಸಿದೆ ಅಷ್ಟೆ."

ಇಪ್ಪತ್ತೈದು ವರ್ಷ ಆ ಗ್ಯಾರೇಜಿನವರನ್ನು ಸುಮ್ಮನೆ ಬೈದುಕೊಂಡಿದ್ದೆ.

ಮಗನಿಗೆ ಫೋನು ಮಾಡಿ ಗುಜರಿಯವನು ಬರುವುದು ಬೇಡ ಎಂದೆ. ಟಿಲ್ಲರ್ ಎಲ್ಲಿ ನಿಲ್ಲಿಸೋದು ಎಂದು ಕೇಳಿದ. ಮಾವಿನಮರದ ಕೆಳಗೆ ಅಂದೆ. ಮೊಮ್ಮಗಳು ಆಗಲೇ ಎಡಚಕ್ರದ ಬುಡದಲ್ಲಿ ಕೂತು ಟ್ರನಿಯನ್ ಯಾವುದು ಎಂದು ಹುಡುಕುತ್ತಿದ್ದಳು. ಒಂದು ಲೀಟರ್ ಗೇರ್ ಎಣ್ಣೆಗೆ ಕಡೂರಿಗೆ ಹೇಳಿ ಕಳಿಸಿದೆ.